ತಾರೀಖು ನೋಡಿ ಬೆಚ್ಚಗಾಗುವ ಮನೆಗಳು: ಇಟಲಿಯ ಕೇಂದ್ರೀಯ ಹೀಟಿಂಗ್ ಸೇವೆಯ ವಿಮರ್ಶೆ

ಇಟಲಿಯ ನಗರಗಳ ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ನೆಲಮಾಳಿಗೆಯ ಒಂದೇ ಬಾಯ್ಲರ್‌ನಿಂದ ಬಿಸಿನೀರು ಮೇಲೇರಿ, ಎಲ್ಲ ಮನೆಗಳ ಎಲ್ಲ ಕೋಣೆಗಳ ರೇಡಿಯೇಟರ್‌ಗಳಲ್ಲಿ ಹರಿದು, ತಣಿದು ಕೆಳಗಿಳಿಯುತ್ತದೆ. ಅಲ್ಲಿ ವಾಸಿಸುವವರು ಈ ಸೇವೆಗೆ ಹಣ ಕೊಡುತ್ತಾರೆ. ಆದರೆ ಅದು ಯಾವ ದಿನ ಆರಂಭವಾಗಬೇಕು, ಯಾವ ದಿನ ನಿಲ್ಲಬೇಕು, ದಿನಕ್ಕೆ ಎಷ್ಟು ಗಂಟೆ ನಡೆಯಬಹುದು, ಮನೆಯೊಳಗಿನ ಗಾಳಿ ಎಷ್ಟು ಡಿಗ್ರಿಯವರೆಗೆ ಬಿಸಿಯಾಗಬಹುದು ಎಂಬ ನಾಲ್ಕನ್ನೂ ನಿರ್ಧರಿಸುವುದು ಸರ್ಕಾರ. ಹಾಗಾಗಿ ಈ ಸೇವೆಯನ್ನು ವಿಮರ್ಶಿಸುವುದೆಂದರೆ ಅದರ ಬಾಯ್ಲರನ್ನು ಎಷ್ಟೋ ಅದನ್ನು ಆಳುವ ನಿಯಮವನ್ನೂ ಅಷ್ಟೇ ವಿಮರ್ಶಿಸಿದಂತೆ. ಮಿಲಾನ್ ನಗರದಲ್ಲಿ ಇಂಥ ಕಟ್ಟಡವೊಂದರ ಉತ್ತರಾಭಿಮುಖ ಮನೆಯಲ್ಲಿ ಹಲವು ಚಳಿಗಾಲಗಳನ್ನು ಕಳೆದವನಾಗಿ, ಅಲ್ಲಿಗೆ ಓದಲು ಅಥವಾ ಕೆಲಸಕ್ಕೆ ಹೋಗಿ ಮನೆ ಹುಡುಕಲಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ನಿಯಮದ ತಳಹದಿ ಗಟ್ಟಿಯಾಗಿದೆ, ಉಷ್ಣತೆಗೆ ಅದು ಹಾಕಿರುವ ಮಿತಿ ವಿವೇಕದ್ದು. ಆದರೆ ಅದರ ಪಂಚಾಂಗ, ಅಂದರೆ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂಬ ಗೆರೆ, ಇಡೀ ಏರ್ಪಾಡಿನ ಅತ್ಯಂತ ದುರ್ಬಲ ಭಾಗ. ಆ ಗೆರೆ ಮಾಡಬೇಕಾದ ಉಳಿತಾಯದ ಕೆಲಸವನ್ನು ಪ್ರತಿ ರೇಡಿಯೇಟರ್‌ಗೂ ಕೂರಿಸಿರುವ ಒಂದು ಸಣ್ಣ ವಾಲ್ವ್ ಮತ್ತು ಒಂದು ಅಳತೆಯ ಪೆಟ್ಟಿಗೆ ಈಗ ಹೆಚ್ಚು ಚೆನ್ನಾಗಿ ಮಾಡುತ್ತಿವೆ. ನಿಯಮ ಮಾತ್ರ ಇನ್ನೂ ತಾರೀಖನ್ನೇ ಹಿಡಿದು ನಿಂತಿದೆ.

ಇಂಧನ ಉಳಿಸಲು ಮನೆಯ ಬಿಸಿಗೆ ಮಿತಿ ಹಾಕುವ ಯೋಚನೆ ಇಟಲಿಯಲ್ಲಿ 1973ರ ತೈಲ ಬಿಕ್ಕಟ್ಟಿನ ನಂತರ ಬೇರೂರಿತು. ಆ ವರ್ಷದ ಡಿಸೆಂಬರ್‌ನಲ್ಲಿ ಭಾನುವಾರಗಳಂದು ಖಾಸಗಿ ಕಾರುಗಳ ಓಡಾಟವನ್ನೇ ನಿಷೇಧಿಸಿದ್ದ ದೇಶ ಅದು. 1976ರಲ್ಲಿ ಕಟ್ಟಡಗಳ ಹೀಟಿಂಗ್‌ನಲ್ಲಿ ಇಂಧನ ಉಳಿಸುವುದಕ್ಕೆಂದೇ ಒಂದು ಕಾನೂನು ಬಂತು, 1991ರಲ್ಲಿ ಅದಕ್ಕಿಂತ ವಿಸ್ತಾರವಾದ ಇನ್ನೊಂದು ಬಂತು. ಇಂದು ಜಾರಿಯಲ್ಲಿರುವ ವಲಯ ಪದ್ಧತಿ ಹುಟ್ಟಿದ್ದು 1993ರ ಆಗಸ್ಟ್ 26ರ 412ನೇ ಸಂಖ್ಯೆಯ ರಾಷ್ಟ್ರಪತಿ ಆದೇಶದಲ್ಲಿ. 2013ರ 74ನೇ ಸಂಖ್ಯೆಯ ಆದೇಶ ಅದನ್ನು ಪರಿಷ್ಕರಿಸಿತು.

ಈ ಪದ್ಧತಿಯ ಜೀವಾಳ ಡಿಗ್ರಿ-ದಿನ ಎಂಬ ಲೆಕ್ಕ. ಮನೆಯೊಳಗೆ 20 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಇಟ್ಟುಕೊಂಡು, ಹೊರಗಿನ ದಿನದ ಸರಾಸರಿ ಉಷ್ಣತೆ ಅದಕ್ಕಿಂತ ಎಷ್ಟು ಕಡಿಮೆ ಇದೆ ಎಂಬುದನ್ನು ಹೀಟಿಂಗ್ ಅವಧಿಯ ಪ್ರತಿ ದಿನಕ್ಕೂ ಕಂಡುಕೊಂಡು, ಅವನ್ನೆಲ್ಲ ಕೂಡಿದರೆ ಆ ಊರಿನ ಡಿಗ್ರಿ-ದಿನಗಳು ಸಿಗುತ್ತವೆ. ಪಲೆರ್ಮೋ ನಗರಕ್ಕೆ ಈ ಸಂಖ್ಯೆ 751, ನೇಪಲ್ಸ್‌ಗೆ 1034, ರೋಮ್‌ಗೆ 1415, ಮಿಲಾನ್‌ಗೆ 2404, ಆಲ್ಪ್ಸ್ ತಪ್ಪಲಿನ ಕೂನಿಯೋಗೆ 3012. ಈ ಸಂಖ್ಯೆಯ ಪ್ರಕಾರ ದೇಶದ ಪ್ರತಿಯೊಂದು ಪುರಸಭೆಯೂ ಎ ಇಂದ ಎಫ್ ವರೆಗಿನ ಆರು ವಲಯಗಳಲ್ಲಿ ಒಂದಕ್ಕೆ ಸೇರುತ್ತದೆ. 600 ಡಿಗ್ರಿ-ದಿನಗಳನ್ನು ಮೀರದ ಲ್ಯಾಂಪೆಡೂಸ ದ್ವೀಪದಂಥ ಊರುಗಳ ಎ ವಲಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ, ದಿನಕ್ಕೆ ಹೆಚ್ಚೆಂದರೆ 6 ಗಂಟೆ. ಪಲೆರ್ಮೋ ಇರುವ ಬಿ ವಲಯದಲ್ಲಿ ಮಾರ್ಚ್ 31ರವರೆಗೆ, 8 ಗಂಟೆ. ನೇಪಲ್ಸ್‌ನ ಸಿ ವಲಯದಲ್ಲಿ ನವೆಂಬರ್ 15ರಿಂದ ಮಾರ್ಚ್ 31ರವರೆಗೆ, 10 ಗಂಟೆ. ರೋಮ್‌ನ ಡಿ ವಲಯದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, 12 ಗಂಟೆ. ಮಿಲಾನ್, ಟ್ಯೂರಿನ್, ಬೊಲೋನ್ಯಗಳ ಇ ವಲಯದಲ್ಲಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ, 14 ಗಂಟೆ. 3000 ಡಿಗ್ರಿ-ದಿನಗಳನ್ನು ದಾಟಿದ ಕೂನಿಯೋ, ಬೆಲ್ಲೂನೊ ಮುಂತಾದ ಎಫ್ ವಲಯದ ಊರುಗಳಿಗೆ ತಾರೀಖಿನ ಕಟ್ಟೂ ಇಲ್ಲ, ಗಂಟೆಯ ಕಟ್ಟೂ ಇಲ್ಲ.

ಒಂದೇ ಪ್ರಾಂತ್ಯದೊಳಗೆ ಕಡಲಂಚಿನ ಊರು ಒಂದು ವಲಯದಲ್ಲಿ, ಅದರ ಹಿಂದಿನ ಬೆಟ್ಟದ ಊರು ಇನ್ನೊಂದರಲ್ಲಿ ಬೀಳುವುದು ಸಾಮಾನ್ಯ. ಆಡಳಿತದ ಗಡಿಯನ್ನು ಬಿಟ್ಟು ಹವೆಯನ್ನು ಹಿಂಬಾಲಿಸುವ ಇಂಥ ವಿಂಗಡಣೆ ಮೆಚ್ಚತಕ್ಕದ್ದು. ಚೀನಾದಲ್ಲಿ 1950ರ ದಶಕದಿಂದ ಚಿನ್‌ಲಿಂಗ್ ಪರ್ವತ ಮತ್ತು ಹುಆಯ್ ನದಿಯ ಗುಂಟ ಒಂದೇ ಒಂದು ಗೆರೆ ಇದ್ದು, ಅದರ ಉತ್ತರದ ನಗರಗಳಿಗೆ ಸಾರ್ವಜನಿಕ ಹೀಟಿಂಗ್ ದೊರೆತು, ದಕ್ಷಿಣದ ಶಾಂಘೈ, ವುಹಾನ್‌ನಂಥ ನಗರಗಳ ಜನ ತೇವ ತುಂಬಿದ ಚಳಿಯಲ್ಲಿ ತಮ್ಮ ದಾರಿ ತಾವು ನೋಡಿಕೊಳ್ಳಬೇಕಾಯಿತು. ಅದರ ಎದುರಿಗೆ ಇಟ್ಟು ನೋಡಿದಾಗ ಇಟಲಿಯ ಆರು ವಲಯಗಳ ನಯ ಅರಿವಾಗುತ್ತದೆ. ಹಾಗಿದ್ದರೂ ಗಡಿಯಲ್ಲಿರುವ ಊರುಗಳ ಕಷ್ಟ ಇದ್ದೇ ಇದೆ. ರೋಮ್‌ನ 1415 ಇನ್ನು ಹದಿನೈದು ಕಡಿಮೆಯಾಗಿದ್ದರೆ ಆ ಮಹಾನಗರ ಸಿ ವಲಯಕ್ಕೆ ಇಳಿದು ಎರಡು ಗಂಟೆಯನ್ನೂ ನಾಲ್ಕು ವಾರಗಳನ್ನೂ ಕಳೆದುಕೊಳ್ಳುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಈ ಪಟ್ಟಿಯ ಮೂಲ 1993ರ ಆದೇಶದಲ್ಲಿದೆ. ಅಲ್ಲಿಂದೀಚೆಗೆ ಹವೆ ಬದಲಾಗಿದೆ. ಅಕ್ಟೋಬರ್‌ಗಳು ಮೆತ್ತಗಾಗಿವೆ, ಆದರೆ ಏಪ್ರಿಲ್ ಕೊನೆಯಲ್ಲೋ ಮೇ ಮೊದಲ ವಾರದಲ್ಲೋ ಬಂದೆರಗುವ ಚಳಿಯ ಅಲೆಗಳು ನಿಂತಿಲ್ಲ. ಒಂದು ಊರಿಗೆ ಒಂದು ಸಂಖ್ಯೆಯನ್ನು ಕೊಟ್ಟು ಅದನ್ನು ದಶಕಗಟ್ಟಲೆ ಕದಲಿಸದೆ ಇಡುವುದಾದರೆ ಅಷ್ಟು ಸೂಕ್ಷ್ಮವಾಗಿ ಅಳೆದ ಶ್ರಮ ಅರ್ಧ ವ್ಯರ್ಥ.

ಉಷ್ಣತೆಯ ಮಿತಿಯ ವಿಷಯಕ್ಕೆ ಬಂದರೆ, ಮನೆಗಳಿಗೆ 20 ಡಿಗ್ರಿ, ಅದರ ಮೇಲೆ 2 ಡಿಗ್ರಿಯ ವಿನಾಯಿತಿ. ಕಾರ್ಖಾನೆಗಳಿಗೆ 18, ಅದಕ್ಕೂ 2ರ ವಿನಾಯಿತಿ. ಆಸ್ಪತ್ರೆ, ವೃದ್ಧಾಶ್ರಮ, ಶಿಶುವಿಹಾರಗಳಂಥ ಕಡೆ ನಿಯಮ ಕಟ್ಟುನಿಟ್ಟಾಗಿಲ್ಲ, ಅದು ಸರಿಯೇ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ವಸತಿ ಮಾರ್ಗಸೂಚಿಯಲ್ಲಿ ಚಳಿಯ ಕಾಲಕ್ಕೆ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ಹೇಳಿದೆ. ಆ ದೃಷ್ಟಿಯಿಂದ 20ರಿಂದ 22 ಎಂಬುದು ಆರೋಗ್ಯಕ್ಕೆ ಧಕ್ಕೆ ತರದ, ದುಂದಿಗೆ ಅವಕಾಶ ಕೊಡದ ಮಟ್ಟ. ನಾನು ಈ ಮಿತಿಯೊಳಗೆ ಯಾವ ತೊಂದರೆಯೂ ಇಲ್ಲದೆ ಬದುಕಿದ್ದೇನೆ.

ಆದರೆ ಈ ಅಳತೆ ಹೇಗೆ ಆಗುತ್ತದೆ ಎಂಬುದನ್ನು ಹೊಸಬರು ತಿಳಿದಿರಬೇಕು. ಕಾನೂನು ನೋಡುವುದು ಗಾಳಿಯ ಉಷ್ಣತೆಯನ್ನು, ಅದೂ ಬಿಸಿ ಮಾಡಿದ ಎಲ್ಲ ಕೋಣೆಗಳ ಸರಾಸರಿಯನ್ನು. ಮೈಗೆ ತಟ್ಟುವುದು ಗಾಳಿಯೊಂದೇ ಅಲ್ಲ. ಹೊರಗೋಡೆಗೆ ತಾಗಿದ ಮಂಚದ ಮೇಲೆ ಮಲಗಿದವರ ಮೈಶಾಖವನ್ನು ತಣ್ಣನೆಯ ಗೋಡೆ ಎಳೆದುಕೊಳ್ಳುತ್ತದೆ. ನನ್ನ ಮಲಗುವ ಕೋಣೆಯ ಮಧ್ಯದಲ್ಲಿ ಥರ್ಮಾಮೀಟರ್ 20 ತೋರಿಸುವಾಗ ಅದೇ ಥರ್ಮಾಮೀಟರನ್ನು ಕಪಾಟಿನ ಹಿಂದಿನ ಮೂಲೆಗೆ ಒರಗಿಸಿದರೆ ಅಂಕಿ ಗಣನೀಯವಾಗಿ ಇಳಿಯುತ್ತಿತ್ತು, ಬಟ್ಟೆ ಒಣಗಿಸಿದ ದಿನ ಅದೇ ಮೂಲೆಯಲ್ಲಿ ಬೂಷ್ಟಿನ ಕಪ್ಪು ಚುಕ್ಕೆಗಳು ಏಳುತ್ತಿದ್ದವು. ಚೆನ್ನಾಗಿ ಶಾಖನಿರೋಧ ಮಾಡಿದ ಹೊಸ ಮನೆಯ 20 ಡಿಗ್ರಿಯೂ ಒಂಟಿ ಗಾಜಿನ ಕಿಟಕಿಯ ಹಳೆ ಮನೆಯ 20 ಡಿಗ್ರಿಯೂ ಕಾಗದದ ಮೇಲೆ ಒಂದೇ. ವಾಸಕ್ಕೆ ಅವು ಬೇರೆ ಬೇರೆ.

ಗಂಟೆಗಳ ಮಿತಿ ಓದುವಾಗ ಹೆದರಿಸುವಷ್ಟು ಅನುಭವದಲ್ಲಿ ಕಾಡುವುದಿಲ್ಲ. ಅನುಮತಿಸಿದ ಗಂಟೆಗಳನ್ನು ಬೆಳಗಿನ 5ರಿಂದ ರಾತ್ರಿ 11ರೊಳಗೆ ಎರಡು ಅಥವಾ ಹೆಚ್ಚು ಭಾಗ ಮಾಡಿ ಹಂಚಬಹುದು. ದಪ್ಪ ಇಟ್ಟಿಗೆ ಗೋಡೆಯ ಕಟ್ಟಡಗಳು ನುಂಗಿಕೊಂಡ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುವುದರಿಂದ ರಾತ್ರಿ ಬಾಯ್ಲರ್ ನಿಂತರೂ ಮನೆ ಏಕಾಏಕಿ ತಣ್ಣಗಾಗುವುದಿಲ್ಲ. ಹೊರಗಿನ ಉಷ್ಣತೆಗೆ ತಕ್ಕಂತೆ ನೀರಿನ ಬಿಸಿಯನ್ನು ಹೊಂದಿಸುವ ಆಧುನಿಕ ನಿಯಂತ್ರಕಗಳಿರುವ ಕಟ್ಟಡಗಳಿಗೆ ಗಂಟೆಯ ಮಿತಿಯಿಂದ ವಿನಾಯಿತಿಯೂ ಇದೆ. ಅವು ರಾತ್ರಿಯಲ್ಲಿ 16 ಡಿಗ್ರಿ, ಜೊತೆಗೆ ಅದೇ 2ರ ವಿನಾಯಿತಿ, ಎಂಬ ಕೆಳಮಟ್ಟಕ್ಕೆ ಇಳಿದರೆ ಸಾಕು. ನಮ್ಮ ಕಟ್ಟಡದ ಹಳೆ ಬಾಯ್ಲರ್ ಹೋಗಿ ಹೊಸದು ಬಂದಾಗ ಅತಿ ದೊಡ್ಡ ಬದಲಾವಣೆ ಕಂಡದ್ದು ಇಲ್ಲಿಯೇ. ಮೊದಲು ಬೆಳಗಿನ ಜಾವ ಕುದಿಯುವಂಥ ನೀರು ಒಮ್ಮೆಲೇ ನುಗ್ಗಿ ಕೊಳವೆಗಳು ಟಕಟಕ ಸದ್ದು ಮಾಡುತ್ತಿದ್ದವು, ರೇಡಿಯೇಟರ್ ಮುಟ್ಟಿದರೆ ಕೈ ಸುಡುತ್ತಿತ್ತು, ಮಧ್ಯಾಹ್ನಕ್ಕೆ ಅದು ತಣ್ಣಗೆ ಕೊರೆಯುತ್ತಿತ್ತು. ಈಗ ಅದು ದಿನವಿಡೀ ಉಗುರುಬೆಚ್ಚಗೆ ಇರುತ್ತದೆ, ಕೋಣೆ ಒಂದೇ ಸಮ ಇರುತ್ತದೆ.

ನನ್ನ ನಿಜವಾದ ದೂರು ತಾರೀಖಿನ ಮೇಲೆ. ಅಕ್ಟೋಬರ್ ಎರಡನೆಯ ವಾರದಲ್ಲಿ ಮೂರು ದಿನ ಎಡೆಬಿಡದೆ ಮಳೆ ಹಿಡಿದರೆ ಉತ್ತರದ ಬಯಲಿನ ಮನೆಗಳು ಬೇಗ ತಣಿಯುತ್ತವೆ. ಬಿಸಿಲು ಬೀಳದ ನನ್ನ ಮನೆಯಲ್ಲಿ ಅಂಕಿ 17ಕ್ಕೆ ಇಳಿದು, ಕಿಟಕಿಯ ಗಾಜಿನ ಕೆಳಅಂಚಿನಲ್ಲಿ ನೀರು ಕಟ್ಟಿಕೊಂಡು, ಎದುರುಮನೆಯ ವೃದ್ಧ ದಂಪತಿ ಒಳಗೇ ಕೋಟು ಹಾಕಿಕೊಂಡು ಓಡಾಡುತ್ತಿದ್ದ ದಿನಗಳಲ್ಲಿ ಬಾಯ್ಲರ್ ಕೋಣೆಗೆ ಬೀಗ ಬಿದ್ದಿತ್ತು, ಏಕೆಂದರೆ 15ನೇ ತಾರೀಖು ಇನ್ನೂ ಬಂದಿರಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಏಪ್ರಿಲ್ ಆರಂಭದಲ್ಲಿ ಹೊರಗೆ ಅಂಗಿಯೊಂದೇ ಸಾಕಾಗುವ ಹವೆಯಿದ್ದಾಗಲೂ 15ರವರೆಗೆ ಬಾಯ್ಲರ್ ಉರಿಯುತ್ತಲೇ ಇರುವ ಕಟ್ಟಡಗಳನ್ನು ಕಂಡಿದ್ದೇನೆ.

ನಿಯಮ ಇದಕ್ಕೆ ದಾರಿಯನ್ನು ಇಟ್ಟೇ ಇದೆ ಎಂಬುದು ಇನ್ನಷ್ಟು ನೋಯಿಸುವ ಸಂಗತಿ. ಹವೆ ಅಗತ್ಯವಾಗಿಸಿದಲ್ಲಿ ನಿಗದಿತ ಅವಧಿಯ ಹೊರಗೂ, ಸಾಮಾನ್ಯ ಗಂಟೆಗಳ ಅರ್ಧವನ್ನು ಮೀರದಂತೆ ಹೀಟಿಂಗ್ ಹಾಕಬಹುದು ಎಂದು 2013ರ ಆದೇಶದಲ್ಲಿ ಸ್ಪಷ್ಟವಾಗಿದೆ. ಮಿಲಾನ್‌ನಂಥ ಊರಿಗೆ ಅದು ದಿನಕ್ಕೆ 7 ಗಂಟೆ. ಇದಕ್ಕೆ ಮೇಯರ್ ಅಪ್ಪಣೆ ಬೇಕಿಲ್ಲ. ಮೇಯರ್‌ಗಳಿಗೆ ಇರುವುದು ಬೇರೆ ಅಧಿಕಾರ, ಇಡೀ ಊರಿನ ಅವಧಿಯನ್ನು, ಗಂಟೆಗಳನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ಅಧಿಕಾರ. ಇಷ್ಟಾದರೂ ಕಟ್ಟಡದ ಆಡಳಿತ ನೋಡಿಕೊಳ್ಳುವವರು ಎರಡನ್ನೂ ಒಂದೇ ಎಂದು ಭಾವಿಸಿ ಪುರಸಭೆಯ ಪ್ರಕಟಣೆಗಾಗಿ ಕಾಯುತ್ತಾರೆ. ನಮ್ಮ ಕಟ್ಟಡದ ಆಡಳಿತಗಾರರಿಗೆ ಆದೇಶದ ಆ ಸಾಲನ್ನು ಬರೆದು ಕಳುಹಿಸಿದಾಗ ಬಂದ ಉತ್ತರ, ನಿವಾಸಿಗಳ ಸಭೆ ಕರೆದು ಕೇಳಬೇಕಾಗುತ್ತದೆ ಎಂಬುದು. ಸಭೆ ಸೇರುವ ಹೊತ್ತಿಗೆ ಅವಧಿಯೇ ಆರಂಭವಾಗಿತ್ತು. ಊಟಕ್ಕಿಲ್ಲದ ಉಪ್ಪಿನಕಾಯಿಯಂಥ ಈ ಸವಲತ್ತಿನಿಂದ ಬಾಡಿಗೆದಾರನಿಗೆ ಬಂದ ಲಾಭ ಏನೂ ಇಲ್ಲ. ಸೇವೆಯ ಗುಂಡಿ ಒಬ್ಬರ ಕೈಯಲ್ಲಿ, ಚಳಿ ಇನ್ನೊಬ್ಬರ ಮೈಮೇಲೆ ಇರುವವರೆಗೆ ಇದು ಹೀಗೇ ಇರುತ್ತದೆ. ಅದೇ ಬೀದಿಯಲ್ಲಿ ಸ್ವಂತ ಬಾಯ್ಲರ್ ಇರುವ ಮನೆಯವರು ಅದೇ ವಿನಾಯಿತಿಯನ್ನು ತಾವೇ ಬಳಸಿಕೊಂಡು ಸಂಜೆ ಮೂರು ಗಂಟೆ ಹೀಟಿಂಗ್ ಹಾಕಿ ಆರಾಮವಾಗಿರುತ್ತಾರೆ. ಕಾನೂನು ಇಬ್ಬರಿಗೂ ಒಂದೇ ಆದರೂ ಫಲ ಒಂದೇ ಅಲ್ಲ.

ತಾರೀಖು ಬರುವವರೆಗೆ ಕಾಯಲಾಗದವರು ಅಂಗಡಿಯಿಂದ ಎಲೆಕ್ಟ್ರಿಕ್ ಹೀಟರ್ ತರುತ್ತಾರೆ. ಎತ್ತಿ ಇಡಬಹುದಾದ ಹೀಟರ್‌ಗೆ ಈ ನಿಯಮದ ಹಂಗಿಲ್ಲ. ಆದರೆ ಇಟಲಿಯ ಬಹುತೇಕ ಮನೆಗಳ ವಿದ್ಯುತ್ ಕರಾರು 3 ಕಿಲೋವ್ಯಾಟ್‌ನದು. 2 ಕಿಲೋವ್ಯಾಟ್‌ನ ಹೀಟರ್ ಉರಿಯುತ್ತಿರುವಾಗ ಓವನ್ ಮತ್ತು ಇಸ್ತ್ರಿಪೆಟ್ಟಿಗೆಯನ್ನೂ ಹಾಕಿದರೆ ಮೀಟರ್ ಸಂಪರ್ಕ ಕಡಿಯುತ್ತದೆ, ಕತ್ತಲಲ್ಲಿ ಮೆಟ್ಟಿಲಿಳಿದು ಮೀಟರ್‌ಗಳ ಸಾಲಿನಲ್ಲಿ ತಮ್ಮದನ್ನು ಹುಡುಕಿ ಗುಂಡಿ ಎತ್ತಬೇಕಾಗುತ್ತದೆ. ಗ್ಯಾಸ್ ಉಳಿಸಲು ಹಾಕಿದ ಗೆರೆ ಜನರನ್ನು ಅದಕ್ಕಿಂತ ದುಬಾರಿಯಾದ, ಹಲವು ಸಲ ಗ್ಯಾಸ್ ಉರಿಸಿಯೇ ತಯಾರಿಸಿದ ವಿದ್ಯುತ್ತಿನ ಕಡೆಗೆ ತಳ್ಳುವುದಾದರೆ ಉಳಿತಾಯದ ಲೆಕ್ಕವನ್ನು ಮತ್ತೆ ನೋಡಬೇಕು.

ತಾರೀಖಿಲ್ಲದೆಯೂ ಇಂಥ ಸೇವೆ ನಡೆಸಬಹುದು. ರಷ್ಯಾದಲ್ಲಿ ಹೊರಗಿನ ದಿನದ ಸರಾಸರಿ ಉಷ್ಣತೆ ಸತತ ಐದು ದಿನ 8 ಡಿಗ್ರಿಗಿಂತ ಕೆಳಗಿದ್ದರೆ ಮರುದಿನದೊಳಗೆ ಹೀಟಿಂಗ್ ಆರಂಭವಾಗಬೇಕು. ಅದು ಆಕಾಶವನ್ನು ನೋಡುವ ನಿಯಮ. ಆದರೆ ಅಲ್ಲಿನ ಹಳೆಯ ಕಟ್ಟಡಗಳಲ್ಲಿ ರೇಡಿಯೇಟರ್‌ಗೆ ವಾಲ್ವೇ ಇಲ್ಲದ್ದರಿಂದ, ಸೆಕೆಯಾದರೆ ಕಿಟಕಿ ತೆರೆಯುವುದೊಂದೇ ಉಪಾಯ. ನ್ಯೂಯಾರ್ಕ್ ನಗರದ ನಿಯಮ ಇನ್ನೊಂದು ದಿಕ್ಕಿನದು. ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲಿನಲ್ಲಿ ಹೊರಗಿನ ಉಷ್ಣತೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಮನೆಯೊಳಗೆ ಕನಿಷ್ಠ 68 ಡಿಗ್ರಿ ಇರುವಂತೆ ಮಾಲೀಕರು ನೋಡಿಕೊಳ್ಳಬೇಕು, ರಾತ್ರಿ ಹೊರಗೆ ಹವೆ ಹೇಗೇ ಇದ್ದರೂ 62ಕ್ಕಿಂತ ಕಡಿಮೆಯಾಗಬಾರದು. ಅಲ್ಲಿ ಬಾಡಿಗೆದಾರ ದೂರು ಕೊಡಬಹುದಾದ ಒಂದು ಕೆಳಮಿತಿ ಇದೆ. ಇಟಲಿಯ ಈ ಆದೇಶ ಹೇಳುವುದು ಮೇಲ್ಮಿತಿಯನ್ನು. ಎಷ್ಟಕ್ಕಿಂತ ಹೆಚ್ಚು ಬಿಸಿ ಮಾಡಬಾರದು ಎಂದು ಹೇಳುವ ಸರ್ಕಾರ ಎಷ್ಟಕ್ಕಿಂತ ತಣ್ಣಗೆ ಬಿಡಬಾರದು ಎಂಬುದನ್ನೂ ಅಷ್ಟೇ ಗಟ್ಟಿ ದನಿಯಲ್ಲಿ ಹೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಈ ಸೇವೆಯಲ್ಲಿ ನಾನು ಮನಸಾರೆ ಮೆಚ್ಚುವ ಭಾಗ. 2014ರ 102ನೇ ಸಂಖ್ಯೆಯ ಶಾಸನಾತ್ಮಕ ಆದೇಶ ಕೇಂದ್ರೀಯ ಹೀಟಿಂಗ್ ಇರುವ ಕಟ್ಟಡಗಳಲ್ಲಿ ಪ್ರತಿ ಮನೆಯ ಬಳಕೆಯನ್ನು ಅಳೆಯುವ, ನಿಯಂತ್ರಿಸುವ ಸಾಧನಗಳನ್ನು ಕಡ್ಡಾಯ ಮಾಡಿತು. 2016ರ ಕೊನೆಗೆ ಇದ್ದ ಗಡುವು 2017ರ ಜೂನ್ 30ಕ್ಕೆ ಮುಂದೆ ಹೋಯಿತು. ಹಳೆಯ ಕಟ್ಟಡಗಳಲ್ಲಿ ಒಂದು ಮನೆಗೆ ಒಂದೇ ಕೊಳವೆ ಬರುವುದಿಲ್ಲ. ಅಡುಗೆಮನೆಗಳ ರೇಡಿಯೇಟರ್‌ಗಳೆಲ್ಲ ಒಂದು ಲಂಬ ಕೊಳವೆಗೆ, ಮಲಗುವ ಕೋಣೆಗಳದ್ದೆಲ್ಲ ಇನ್ನೊಂದಕ್ಕೆ, ಹೀಗೆ ಮಹಡಿಯಿಂದ ಮಹಡಿಗೆ ಪೋಣಿಸಿಕೊಂಡಿರುತ್ತವೆ. ಆದ್ದರಿಂದ ಮನೆಯ ಬಾಗಿಲಿಗೊಂದು ಮೀಟರ್ ಇಡಲಾಗದೆ, ಪ್ರತಿ ರೇಡಿಯೇಟರ್‌ನ ಎದೆಗೆ ಅಂಗೈಗಿಂತ ಚಿಕ್ಕದಾದ ಒಂದು ಬಿಳಿ ಪೆಟ್ಟಿಗೆಯನ್ನು ಸ್ಕ್ರೂ ಹಾಕಿ ಕೂರಿಸಿ ಸೀಲ್ ಮಾಡುತ್ತಾರೆ. ಅದು ಶಾಖವನ್ನು ನೇರವಾಗಿ ಅಳೆಯುವುದಿಲ್ಲ. ರೇಡಿಯೇಟರ್ ಎಷ್ಟು ಬಿಸಿಯಾಗಿ ಎಷ್ಟು ಹೊತ್ತು ಇತ್ತು ಎಂಬುದನ್ನು ಗಮನಿಸುತ್ತ ಘಟಕಗಳನ್ನು ಎಣಿಸುತ್ತದೆ. ಆ ರೇಡಿಯೇಟರ್‌ನ ಗಾತ್ರ ಮತ್ತು ಬಗೆಯನ್ನು ಲೆಕ್ಕಕ್ಕೆ ಹಿಡಿದು ವರ್ಷದ ಕೊನೆಗೆ ಒಟ್ಟು ಖರ್ಚನ್ನು ಹಂಚುತ್ತಾರೆ.

ಪಕ್ಕದಲ್ಲೇ ಇರುವ ವಾಲ್ವ್‌ನ ತಲೆಯ ಮೇಲೆ 1ರಿಂದ 5ರವರೆಗೆ ಅಂಕಿಗಳೂ ಹಿಮದ ಹರಳಿನ ಗುರುತೂ ಇರುತ್ತವೆ. ಒಳಗಿನ ದ್ರವ ಅಥವಾ ಮೇಣ ಕೋಣೆಯ ಬಿಸಿಗೆ ಹಿಗ್ಗಿ ಸಣ್ಣ ಮೊಳೆಯೊಂದನ್ನು ಒತ್ತಿ ನೀರಿನ ದಾರಿಯನ್ನು ಕಿರಿದು ಮಾಡುತ್ತದೆ, ಕೋಣೆ ತಣಿದರೆ ಸಂಕುಚಿಸಿ ಬಿಡುತ್ತದೆ. 3ರಲ್ಲಿ ಇಟ್ಟರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ, ಅದರಿಂದ ಆಗುವುದು ಕೋಣೆ ಅತಿಯಾಗಿ ಬಿಸಿಯಾಗಿ ಘಟಕಗಳು ಏರುವುದು ಮಾತ್ರ. ವಾಲ್ವ್‌ನ ಮುಂದೆ ಸೋಫಾ ಇಟ್ಟರೂ ಪರದೆ ಇಳಿಬಿಟ್ಟರೂ ಅಲ್ಲಿ ಬಿಸಿಗಾಳಿ ಕಟ್ಟಿಕೊಂಡು, ಕೋಣೆ ಇನ್ನೂ ತಣ್ಣಗಿರುವಾಗಲೇ ವಾಲ್ವ್ ಮುಚ್ಚಿಕೊಳ್ಳುತ್ತದೆ. ಮನೆ ಬಿಸಿಯಾಗುವುದಿಲ್ಲವೆಂದು ದೂರುವವರು ಮೊದಲು ಆ ಪರದೆಯನ್ನು ಸರಿಸಿ ನೋಡಬೇಕು. ಹಲವು ಮನೆಗಳಲ್ಲಿ ವಾಲ್ವ್‌ಗಳು ಒಟ್ಟಿಗೆ ಮುಚ್ಚಿದಾಗ ಶಿಳ್ಳೆಯಂಥ ಸದ್ದು ಬರುವುದುಂಟು. ಅದು ಪಂಪ್ ಹಳೆಯದಾಗಿದೆ, ಒತ್ತಡಕ್ಕೆ ತಕ್ಕಂತೆ ವೇಗ ಬದಲಿಸುತ್ತಿಲ್ಲ ಎಂಬುದರ ಲಕ್ಷಣ.

ಈ ಜೋಡಿ ಸಾಧನ ಬಂದ ಮೇಲೆ ಉಳಿತಾಯ ಎಂಬುದು ನನ್ನ ಕೈಗೆ ಬಂತು. ಕೆಲಸಕ್ಕೆ ಹೋಗುವ ಮುನ್ನ ತಿರುಗಿಸಿದ ಒಂದು ಅಂಕಿ ವರ್ಷಾಂತ್ಯದ ಲೆಕ್ಕದಲ್ಲಿ ಕಾಣಿಸುತ್ತದೆ. ಹೀಗಿರುವಾಗ ಅಕ್ಟೋಬರ್ 10ರ ಚಳಿಯಲ್ಲಿ ನನಗೆ ಬೇಕಾದಷ್ಟನ್ನು ನಾನು ಬಳಸಿ ಅದಕ್ಕೆ ನಾನೇ ಹಣ ಕೊಡುವುದನ್ನು ತಡೆಯುವ ಅಗತ್ಯ ಉಳಿದಿಲ್ಲ. ಅಳತೆಯೇ ಇಲ್ಲದೆ ಮನೆಯ ವಿಸ್ತೀರ್ಣದ ಮೇಲೆ ಖರ್ಚು ಹಂಚುತ್ತಿದ್ದ ಕಾಲದಲ್ಲಿ ತಾರೀಖಿನ ಗೆರೆ ನ್ಯಾಯವಾದುದೇ ಆಗಿತ್ತು, ಏಕೆಂದರೆ ಆಗ ಒಬ್ಬರ ದುಂದಿಗೆ ಎಲ್ಲರೂ ಹಣ ತೆರುತ್ತಿದ್ದರು.

ಆದರೂ ಬಿಲ್ಲಿನ ಒಂದು ಅಂಶ ಹೊಸಬರನ್ನು ಬೆಚ್ಚಿಬೀಳಿಸುತ್ತದೆ. ಎಲ್ಲ ವಾಲ್ವ್‌ಗಳನ್ನು ಮುಚ್ಚಿ ಚಳಿಗಾಲವಿಡೀ ಊರಲ್ಲಿಲ್ಲದಿದ್ದರೂ ಬಿಲ್ ಸೊನ್ನೆಯಾಗುವುದಿಲ್ಲ. ಕಾನೂನಿನಂತೆ ಖರ್ಚಿನ ಕನಿಷ್ಠ ಅರ್ಧವನ್ನು ನಿಜವಾದ ಬಳಕೆಯ ಮೇಲೆ ಹಂಚಬೇಕು. ಕೊಳವೆಗಳಲ್ಲಿ ಸೋರಿಹೋಗುವ ಶಾಖ, ನಿರ್ವಹಣೆ ಮುಂತಾದ ಉಳಿದ ಪಾಲನ್ನು ಎಲ್ಲರೂ ಹೊರಬೇಕು. ಇದು ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ನಡುಮಹಡಿಯ ಮನೆ ಮೇಲಿನ, ಕೆಳಗಿನ ಮನೆಗಳಿಂದ ಪುಕ್ಕಟೆ ಶಾಖ ಪಡೆಯುತ್ತದೆ, ಛಾವಣಿಯಡಿಯ ಮನೆಗೂ ಗ್ಯಾರೇಜಿನ ಮೇಲಿನ ಮನೆಗೂ ಆ ಭಾಗ್ಯವಿಲ್ಲ. ಎಲ್ಲವನ್ನೂ ಪೆಟ್ಟಿಗೆಯ ಅಂಕಿಗೇ ಬಿಟ್ಟರೆ ಶಿಕ್ಷೆಯಾಗುವುದು ಕಟ್ಟಡದ ಅಂಚಿನಲ್ಲಿರುವವರಿಗೆ.

2022ರ ಚಳಿಗಾಲ ಈ ನಿಯಮಕ್ಕೆ ಬಂದ ಕಠಿಣ ಪರೀಕ್ಷೆ. ಉಕ್ರೇನ್ ಯುದ್ಧ ಆರಂಭವಾಗುವ ಮುನ್ನ ಇಟಲಿ ತನ್ನ ಗ್ಯಾಸ್ ಆಮದಿನ ಸುಮಾರು ಶೇ. 40ರಷ್ಟನ್ನು ರಷ್ಯಾದಿಂದ ತರಿಸಿಕೊಳ್ಳುತ್ತಿತ್ತು. ಪೂರೈಕೆ ಕುಸಿದಾಗ ಅಂದಿನ ಸಚಿವ ರೊಬೆರ್ತೊ ಚಿಂಗೊಲಾನಿ ಅಕ್ಟೋಬರ್ 6ರಂದು ಹೊರಡಿಸಿದ ಆದೇಶ ಆ ಋತುವಿಗೆ ಮಾತ್ರ ಮಿತಿಗಳನ್ನು ಬಿಗಿ ಮಾಡಿತು. ಆರಂಭ ತಡ, ಮುಕ್ತಾಯ ಬೇಗ, ಎರಡೂ ಸೇರಿ 15 ದಿನ ಕಡಿತ, ದಿನಕ್ಕೆ 1 ಗಂಟೆ ಕಡಿಮೆ, ಮನೆಯೊಳಗೆ 20ರ ಬದಲು 19 ಡಿಗ್ರಿ. ಮಿಲಾನ್‌ನ ವಲಯಕ್ಕೆ ಅದು ಅಕ್ಟೋಬರ್ 22ರಿಂದ ಏಪ್ರಿಲ್ 7ರವರೆಗೆ, 13 ಗಂಟೆ ಎಂದಾಯಿತು. ಆ ಅಕ್ಟೋಬರ್ ಅಸಾಧಾರಣವಾಗಿ ಬೆಚ್ಚಗಿದ್ದುದರಿಂದ ಉತ್ತರದ ಹಲವು ನಗರಗಳ ಮೇಯರ್‌ಗಳು ಆರಂಭವನ್ನು ಇನ್ನಷ್ಟು ಮುಂದೂಡಿದರು, ಯಾರೂ ಅದಕ್ಕಾಗಿ ಗೊಣಗಿದ್ದು ನನ್ನ ಕಿವಿಗೆ ಬೀಳಲಿಲ್ಲ. ಹವೆ ಒಪ್ಪಿದಾಗ ತಾರೀಖು ಸರಿದದ್ದು ಎಲ್ಲರಿಗೂ ಸಹಜವಾಗಿಯೇ ಕಂಡಿತು. ಹೀಗೆ ಮುಂದಕ್ಕೆ ಸರಿಯಬಲ್ಲ ತಾರೀಖು ಚಳಿ ಬೇಗ ಬಂದ ವರ್ಷ ಹಿಂದಕ್ಕೂ ಅಷ್ಟೇ ಸುಲಭವಾಗಿ ಸರಿಯಬೇಕು.

ಪೋ ನದಿಯ ಬಯಲಿನಲ್ಲಿ ಇನ್ನೊಂದು ಕಾರಣಕ್ಕೂ ಮಿತಿ ಬಿಗಿಯಾಗುತ್ತದೆ. ಚಳಿಗಾಲದಲ್ಲಿ ಗಾಳಿ ಅಲುಗದೆ ಹೊಗೆ ಕವಿದ ದಿನಗಳು ಮುಂದುವರಿದರೆ, ಪಿಯೆಮೊಂತೆ, ಲೊಂಬಾರ್ದಿಯ, ವೆನೆತೊ, ಎಮಿಲಿಯ-ರೊಮಾನ್ಯ ಪ್ರಾಂತ್ಯಗಳ 2017ರ ಒಪ್ಪಂದದಂತೆ ತುರ್ತು ಕ್ರಮಗಳು ಜಾರಿಗೆ ಬಂದು, ಹಳೆ ವಾಹನಗಳ ಜೊತೆಗೆ ಮನೆಯ ಉಷ್ಣತೆಗೂ 19 ಡಿಗ್ರಿಯ ಮಿತಿ ಬೀಳುತ್ತದೆ. ಆ ದಿನಗಳ ಗಾಳಿಯನ್ನು ಉಸಿರಾಡಿದವನಾಗಿ ನಾನು ಈ ಒಂದು ಡಿಗ್ರಿಯನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ. ಮನೆಯೊಳಗೆ ಬಂದು ಥರ್ಮಾಮೀಟರ್ ಹಿಡಿಯುವವರು ಯಾರೂ ಇಲ್ಲ ಎಂಬುದು ನಿಜ, ಈ ನಿಯಮಗಳೆಲ್ಲ ಹೆಚ್ಚಾಗಿ ನಡೆಯುವುದು ಬಾಯ್ಲರ್ ಕೋಣೆಯ ಟೈಮರ್‌ನಿಂದ ಮತ್ತು ಜನರ ಮನಸ್ಸಾಕ್ಷಿಯಿಂದ.

ಇಟಲಿಯಲ್ಲಿ ಮನೆ ನೋಡಲು ಹೋಗುವವರು ಬಾಡಿಗೆಯ ಮೊತ್ತದಷ್ಟೇ ಗಂಭೀರವಾಗಿ ಕೆಲವು ಸಂಗತಿಗಳನ್ನು ವಿಚಾರಿಸಬೇಕು. ಹೀಟಿಂಗ್ ಇಡೀ ಕಟ್ಟಡಕ್ಕೆ ಒಂದೋ, ಮನೆಗೆ ಸ್ವಂತದ್ದೋ ಎಂಬುದು ಮೊದಲನೆಯದು. ಮನೆಯಲ್ಲಿ ಹಸುಗೂಸು ಅಥವಾ ವಯಸ್ಸಾದವರು ಇದ್ದರೆ, ತುಸು ಹೆಚ್ಚು ಖರ್ಚಾದರೂ ಸ್ವಂತ ಬಾಯ್ಲರ್ ಇರುವ ಮನೆಯನ್ನೇ ಹಿಡಿಯಿರಿ ಎನ್ನುತ್ತೇನೆ. ಹಗಲೆಲ್ಲ ಹೊರಗಿದ್ದು ಸಂಜೆ ಬರುವ ಒಂಟಿ ವಿದ್ಯಾರ್ಥಿಗೆ ಕೇಂದ್ರೀಯ ಹೀಟಿಂಗ್‌ನ ನಡುಮಹಡಿಯ ಮನೆ ಚೆನ್ನಾಗಿ ಒಗ್ಗುತ್ತದೆ. ಕೇಂದ್ರೀಯವಾದರೆ ಕಳೆದ ಚಳಿಗಾಲದ ಹಂಚಿಕೆಯ ಪತ್ರವನ್ನು ಕೇಳಿ ತೆಗೆದುಕೊಂಡು, ಅದರಲ್ಲಿ ಬಳಕೆಯ ಪಾಲೆಷ್ಟು, ಎಲ್ಲರೂ ಹೊರುವ ಪಾಲೆಷ್ಟು ಎಂಬ ಎರಡು ಸಾಲುಗಳನ್ನು ಓದಬೇಕು. ಎಲ್ಲರ ಪಾಲು ದೊಡ್ಡದಿದ್ದರೆ ಕೊಳವೆಗಳು ಹಳೆಯವು ಎಂದೇ ತಿಳಿಯಬಹುದು. ಕಿಟಕಿಗೆ ಎರಡು ಪದರದ ಗಾಜಿದೆಯೇ, ಹೊರಗೋಡೆಯ ಮೂಲೆಯಲ್ಲಿ ಹೊಸದಾಗಿ ಬಣ್ಣ ಬಳಿದ ಗುರುತಿದೆಯೇ ಎಂದು ನೋಡಬೇಕು, ಏಕೆಂದರೆ ಬೂಷ್ಟನ್ನು ಮುಚ್ಚಿಡುವುದು ಆ ಬಣ್ಣವೇ. ಅವಧಿಯ ಹೊರಗೆ ಸಾಮಾನ್ಯ ಗಂಟೆಗಳ ಅರ್ಧದವರೆಗೆ ಹೀಟಿಂಗ್ ಹಾಕುವ ವಿನಾಯಿತಿಯನ್ನು ಈ ಕಟ್ಟಡ ಹಿಂದೆ ಎಂದಾದರೂ ಬಳಸಿದೆಯೇ ಎಂದು ಅಲ್ಲಿಯೇ ವಾಸಿಸುವ ಯಾರನ್ನಾದರೂ, ಸಾಧ್ಯವಾದರೆ ಮೇಲಿನ ಮಹಡಿಯವರನ್ನು, ಕೇಳುವುದು ಒಳ್ಳೆಯದು. ಕರಾರಿಗೆ ಸಹಿ ಹಾಕುವುದು ಬೇಸಿಗೆಯಲ್ಲಾದರೂ ಈ ಪ್ರಶ್ನೆಗಳನ್ನು ಆಗಲೇ ಕೇಳಿ ಮುಗಿಸಬೇಕು. ಅಕ್ಟೋಬರ್‌ನಲ್ಲಿ ಕೇಳಿದರೆ ಉತ್ತರ ಬರುವಷ್ಟರಲ್ಲಿ 15ನೇ ತಾರೀಖು ಕಳೆದಿರುತ್ತದೆ.